ಮಾತ್ರೆ ಸಾಕು ಅಂದುಕೊಂಡ ಹೊತ್ತು

ಸಕ್ಕರೆ ಪಾಕ ಇದ್ದಲ್ಲಿ ಕಣಜ ಬಾರದೆ ಇರುತ್ತದೆಯೇ? ಬೇಕರಿಯವನ ಅಂಗಡಿಯಲ್ಲಿ ಅವು ಬನ್ನಿನ ತಟ್ಟೆಗಳ ಸುತ್ತ ಹಾರಾಡುತ್ತಲೇ ಇರುತ್ತಿದ್ದವು. "ಕಾಸು ಕೊಡದ ಗಿರಾಕಿಗಳು" ಎಂದು ಅವನು ನಗುತ್ತಿದ್ದ.

ಹಿಂದಿನ ವರ್ಷ ಒಂದು ಕಣಜ ಕುಟುಕಿ ಅವನ ಹೆಂಡತಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಆಸ್ಪತ್ರೆಯಲ್ಲಿ ಹೇಗೋ ಉಳಿದಳು. ಮತ್ತೆ ಹಾಗಾದರೆ ತಕ್ಷಣ ಚುಚ್ಚಲು ಡಾಕ್ಟರು ಪೆನ್ನಿನಂಥ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಪಕ್ಕದ ಮನೆಯ ನರ್ಸಕ್ಕ ಗಂಡ ಹೆಂಡತಿ ಇಬ್ಬರಿಗೂ ತೋರಿಸಿಕೊಟ್ಟಳು.

"ತೊಡೆಯ ಹೊರಮಗ್ಗುಲಿಗೆ ಒತ್ತಿ ಹಿಡೀಬೇಕು. ಬಟ್ಟೆ ಮೇಲಿಂದ್ಲೇ ಆಗುತ್ತೆ."

"ಸೂಜಿ ಚುಚ್ಚೋದು ನಿಮ್ಮ ಕೆಲಸ ನರ್ಸಕ್ಕ, ನಾನು ಹಿಟ್ಟು ನಾದೋನು. ಹೆಚ್ಚುಕಮ್ಮಿ ಆದ್ರೆ?"

"ಚುಚ್ಚದೆ ಇದ್ರೇನೇ ಹೆಚ್ಚುಕಮ್ಮಿ ಆಗೋದು, ಅಣ್ಣ."

ಅವನು ತಲೆಯಾಡಿಸಿದ. ನಂಬಲಿಲ್ಲ.

ಒಂದು ಮಧ್ಯಾಹ್ನ ತಟ್ಟೆ ಒರೆಸುತ್ತಿದ್ದ ಹೆಂಡತಿಯ ಕತ್ತಿಗೆ ಕಣಜ ಕುಟುಕಿತು. ನೋಡನೋಡುತ್ತ ತುಟಿ ಊದಿತು, ವಾಂತಿಯಾಯಿತು, ದನಿ ಗೊಗ್ಗರಾಯಿತು.

"ರೀ... ಇಂಜೆಕ್ಷನ್..."

ಅದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಕೈಗೆತ್ತಿಕೊಂಡ. ಧೈರ್ಯ ಬರಲಿಲ್ಲ.

"ತಡಿ, ಮೊದ್ಲು ಅಲರ್ಜಿ ಮಾತ್ರೆ ತಗೋ. ಅದಕ್ಕೇ ಇಳೀಬಹುದು."

ಕಾದ. ಇಳಿಯಲಿಲ್ಲ. "ಏಳು, ಆಟೋದಲ್ಲಿ ಹೋಗ್ಬಿಡೋಣ" ಎಂದು ಎಬ್ಬಿಸಿ ನಿಲ್ಲಿಸಿದ. ಬಾಗಿಲು ದಾಟುವ ಮೊದಲೇ ಅವಳು ಅವನ ತೋಳಿನಲ್ಲಿ ಕುಸಿದಳು.

ಒಳಗಿದ್ದ ಅವರ ಮಗಳು ಕೂಗಿಕೊಂಡಳು. ಅದನ್ನು ಕೇಳಿ ಓಡಿಬಂದ ನರ್ಸಕ್ಕ ಇಂಜೆಕ್ಷನ್ ಚುಚ್ಚಿದಳು. ಆಂಬುಲೆನ್ಸ್ ಬರುವವರೆಗೂ ಎದೆ ಒತ್ತುತ್ತಲೇ ಇದ್ದಳು. ಹೊತ್ತು ಮೀರಿತ್ತು.

ಆಮೇಲೆ ಬೇಕರಿಯ ಬಾಗಿಲು ತೆರೆಯಲಿಲ್ಲ. ಒಂದು ಸಂಜೆ ಅವನು ಬಂದು ನರ್ಸಕ್ಕನ ಮನೆ ಮೆಟ್ಟಿಲ ಮೇಲೆ ಕುಳಿತ.

"ಅವಳು ಕೇಳಿದಾಗ್ಲೇ ಚುಚ್ಚಿದ್ರೆ ಉಳೀತಿದ್ಲಾ?"

ನರ್ಸಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಹುಶಃ ಉಳೀತಿದ್ಲು, ಅಣ್ಣ."

ಅವನು ಹೇಳಿದ: "ಬೀದಿಯೋರಿಗೆಲ್ಲ ಕಲಿಸಿ. ನನ್ನ ಮಗಳಿಗೂ ಕಲಿಸಿ. ನನ್ನ ನಂಬ್ಕೊಂಡು ಇನ್ಯಾರೂ ಇರೋದು ಬೇಡ."

ಮಗಳು ಬಂದು ಕಲಿತಳು. ಅಪ್ಪನೂ ಪಕ್ಕದಲ್ಲಿ ಕೂತು ಕಲಿತ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

ಇದನ್ನು ಓದುತ್ತಿರುವವರೇ, ಕಣಜವೋ ಜೇನೋ ಕುಟುಕಿದ ಮೇಲೆ ನಾಲಿಗೆ, ಗಂಟಲು ಊದಿದರೆ, ಉಸಿರಿಗೆ ಕಷ್ಟವಾದರೆ, ಮೈಯೆಲ್ಲ ದದ್ದೆದ್ದು ವಾಂತಿ, ತಲೆಸುತ್ತು ಬಂದರೆ ಮಾತ್ರೆ ನಂಬಿ ಕಾಯಬೇಡಿ. ಅಡ್ರಿನಲಿನ್ ಇದ್ದರೆ ಆಗಲೇ ಚುಚ್ಚಿ, ಆಂಬುಲೆನ್ಸಿಗೆ ಫೋನ್ ಮಾಡಿ. ಇಲ್ಲದಿದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಮಲಗಿಸಿ; ಉಸಿರಾಡಲಾಗದಿದ್ದರೆ ಕೂರಿಸಿ. ನಿಲ್ಲಿಸಬೇಡಿ, ನಡೆಸಬೇಡಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಹೆದರುವುದಿದ್ದರೆ ಆಮೇಲೆ ಹೆದರಿ. ಮೊದಲು ಚುಚ್ಚಿ.