ಹಳ್ಳದಾಚೆಗೆ ಕಳಿಸಿದ ಪ್ರಾರ್ಥನೆ

ಶೌರಮ್ಮನಿಗೆ ದೇವರ ಹತ್ತಿರ ಮಾತಾಡುವಾಗ ವಿಳಾಸ ಪೂರ್ತಿ ಹೇಳುವ ಚಾಳಿ. ಸುಮ್ಮನೆ ‘ಕಾಪಾಡು ತಂದೇ’ ಅಂದುಬಿಟ್ಟರೆ ಅವಳಿಗೆ ಸಮಾಧಾನವಿಲ್ಲ. ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಕಾಫಿ ಹಣ್ಣು ಕುಯ್ದವಳು. ಯಾವ ತೋಟ, ಯಾವ ಸಾಲು ಅಂತ ಕೆಲಸ ಹಂಚುವ ರೈಟರ್ ಬೆಳಿಗ್ಗೆಯೇ ಬಿಡಿಸಿ ಹೇಳದಿದ್ದರೆ ಆಳುಗಳು ದಿಕ್ಕಿಗೊಬ್ಬರಾಗುವುದನ್ನು ಕಂಡವಳು. ದೇವರಿಗಂತೂ ಕೆಲಸ ಹೆಚ್ಚು, ನಾವೇ ಬಿಡಿಸಿ ಹೇಳಬೇಕು ಅನ್ನುವುದು ಅವಳ ವಾದ. ಪಕ್ಕದ ಮನೆಯ ಕೂಸು ಜ್ವರದಲ್ಲಿ ಮಲಗಿದಾಗ ‘ಹಾಸನದ ಆಸ್ಪತ್ರೆ, ಮಹಡಿ ಮೇಲೆ, ಕಿಟಕಿ ಪಕ್ಕದ ಮಂಚ’ ಎಂದು ಗುರುತು ಹೇಳಿ ಬೇಡಿಕೊಂಡಿದ್ದಳು. ಕೂಸು ಎದ್ದು ಕೂತಿತು. ಅಂದಿನಿಂದ ಆಳುಗಳ ಮನೆಸಾಲಾದ ಲೈನಿನಲ್ಲಿ ವಿಭೂತಿ ಇಡುವವರೂ ಕಷ್ಟ ಬಂದರೆ ಕ್ರೈಸ್ತಳಾದ ಇವಳ ಬಾಗಿಲಿಗೇ ಬರುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಶೌರಮ್ಮನೂ ಒಂದಿಷ್ಟು ಉಬ್ಬಿದ್ದಳು.

ಆ ವರ್ಷ ಕುಯ್ಲಿನ ಹೊತ್ತಿಗೆ ಒಂಟಿ ಸಲಗವೊಂದು ಲೈನಿನ ಹಿಂದೆಯೇ ಬೀಡುಬಿಟ್ಟಿತು. ಎರಡು ಮನೆಗಳ ಗೋಡೆ ಕೆಡವಿ ಅಕ್ಕಿ ತಿಂದಿತು. ಶೌರಮ್ಮನ ಸೊಸೆ ಶೀಲಾ ತುಂಬಿದ ಬಸುರಿ, ಆನೆ ಬಂದರೆ ಓಡುವ ಹಾಗಿಲ್ಲ. ತಿಂಗಳ ಎರಡನೇ ಭಾನುವಾರ ಸಕಲೇಶಪುರದಿಂದ ಫಾದರ್ ಬಂದು ಎಸ್ಟೇಟಿನ ಹಳೇ ಸ್ಟೋರಿನಲ್ಲಿ ಪೂಜೆ ಮಾಡುತ್ತಿದ್ದರು. ಪೂಜೆಯ ನಡುವೆ ಜನರ ಕೋರಿಕೆ ಚೀಟಿಗಳನ್ನು ಓದುವ ಪದ್ಧತಿ. ಶೌರಮ್ಮ ಸೊಸೆಯ ಕೈಲಿ ಬರೆಸಿದಳು: ‘ಆನೆ ನಮ್ಮ ಲೈನಿನ ಕಡೆ ಬಾರದಿರಲಿ. ಹಳ್ಳ ದಾಟಿಸಿ ಆಚೆಗೆ ಕಳಿಸು ತಂದೇ.’ ಫಾದರ್ ಓದಿದರು. ಕೂತವರೆಲ್ಲ ಒಂದೇ ದನಿಯಲ್ಲಿ ‘ಪ್ರಭುವೇ, ನಮ್ಮ ಮೊರೆ ಆಲಿಸು’ ಅಂದರು.

ಬುಧವಾರ ಆನೆ ಹಳ್ಳ ದಾಟಿತು. ಲೈನಿನ ಹೆಂಗಸರು ಶೌರಮ್ಮನ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ಶುಕ್ರವಾರ ಬೆಳಿಗ್ಗೆ ಅದೇ ಆನೆ, ಹಳ್ಳದಾಚೆ ಎರಡೆಕರೆ ತೋಟ ಮಾಡಿಕೊಂಡಿದ್ದ ಏಕಾಂತಯ್ಯನನ್ನು ಅವನದೇ ಬೇಲಿಯ ಪಕ್ಕ ತುಳಿದು ಹಾಕಿತು.

ಆಚೆ ಏಕಾಂತಯ್ಯ, ಅವನ ಹೆಂಡತಿ ಹುಲಿಯಮ್ಮನ ಮನೆ ಇರುವುದು ಶೌರಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರತಿ ವರ್ಷ ಅವರ ಮರದ ಹಲಸು ತಿಂದವಳು. ಚೀಟಿ ಬರೆಸುವಾಗ ನೆನಪಾಗಲಿಲ್ಲ, ಅಷ್ಟೇ. ಆ ‘ಅಷ್ಟೇ’ ಅವಳನ್ನು ಕಿತ್ತು ತಿನ್ನತೊಡಗಿತು. ಸಾವಿನ ಮನೆಗೆ ಹೋದವಳು ಅಂಗಳದಿಂದಲೇ ತಿರುಗಿ ಬಂದಳು.

ದೇವರು ಕೇಳಿಸಿಕೊಳ್ಳಲಿಲ್ಲ ಎಂದು ಅತ್ತವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಶೌರಮ್ಮನ ಸಂಕಟ ಬೇರೆ. ಅವನು ಕೇಳಿಸಿಕೊಂಡುಬಿಟ್ಟಿದ್ದ. ಜಪಸರ ಮುಟ್ಟಲು ಅವಳಿಗೆ ಕೈ ಬರಲಿಲ್ಲ. ಶೀಲಾಳಿಗೆ ದಿನ ಹತ್ತಿರವಾದರೂ ಬಾಯಿಬಿಟ್ಟು ಏನನ್ನೂ ಬೇಡಲಿಲ್ಲ. ಏನು ಕೇಳಿದರೆ ಅದು ಯಾರ ತಲೆ ಮೇಲೆ ಬೀಳುತ್ತದೋ ಎಂಬ ಭಯ.

ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ ಫಾದರ್ ಮುಂದೆ ಎಲ್ಲ ಹೇಳಿದಳು.

“ದೇವರು ಹಾಗೆಲ್ಲ ಮಾಡುವವನಲ್ಲಮ್ಮ” ಅಂದರು ಅವರು.

“ಹಂಗಾರೆ ಆ ಕೂಸು ಎದ್ದು ಕೂತಾಗ ಅವ್ನೇ ಮಾಡ್ದ ಅಂದ್ರಲ್ಲ ಫಾದರ್?”

ಫಾದರ್ ಒಳ್ಳೆಯವರು. ಅವಳ ತಲೆಯ ಮೇಲೆ ಕೈ ಇಟ್ಟು, ಬಸ್ಸಿನವರೆಗೆ ಜೊತೆಯಲ್ಲೇ ನಡೆದು ಬಂದರು.

ಏಕಾಂತಯ್ಯನ ಕಾರ್ಯ ಮುಗಿದ ಮಾರನೇ ದಿನ ಮಧ್ಯಾಹ್ನ ಶೌರಮ್ಮ ಹಳ್ಳ ದಾಟಿದಳು. ಹುಲಿಯಮ್ಮ ಒಬ್ಬಳೇ ಕಣದಲ್ಲಿ ಕೂತು ಒಣಹಾಕಿದ ಕಾಫಿಯಲ್ಲಿ ಕೈಯಾಡಿಸುತ್ತಿದ್ದಳು. ಶೌರಮ್ಮ ಕಣದ ಅಂಚಿನಲ್ಲೇ ನಿಂತಳು.

“ಅಕ್ಕಾ, ಆನೆ ಈ ಕಡೆ ಹೋಗ್ಲಿ ಅಂತ ಬೇಡ್ಕಂಡಿದ್ದು ನಾನೇ ಕಣಕ್ಕಾ. ಚೀಟಿ ಬರೆಸಿ ಓದಿಸ್ಬುಟ್ಟೆ.”

ಹುಲಿಯಮ್ಮನ ಕೈ ನಿಂತಿತು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಅಂದುಕೊಂಡೇ ಶೌರಮ್ಮ ಬಂದಿದ್ದಳು. ಹುಲಿಯಮ್ಮ ಇವಳ ಮುಖವನ್ನೇ ನೋಡಿದಳು.

“ಅಷ್ಟು ಕೇಳ್ತಾನಾ ನಿಮ್ಮ ದೇವ್ರು?”

“ಕೇಳ್ತಾನೆ ಕಣಕ್ಕಾ.” ಶೌರಮ್ಮ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು.

“ಹಂಗಾರೆ ನಂಗೊಂದು ಉಪಕಾರ ಮಾಡು.” ಹುಲಿಯಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಅವತ್ತು ಬೇಲಿ ಹತ್ರದಿಂದ ಅವ್ರು ಎರಡು ಸಲ ‘ಹುಲೀ’ ಅಂತ ನನ್ನ ಹೆಸರಿಡಿದು ಕೂಗಿದ್ರು. ನಂಗೆ ಕೇಳಿಸ್ತು. ದಿನಾ ಕಾಫಿಗೆ ಕೂಗೋ ಮನ್ಷ, ಇವತ್ತೂ ಅದಕ್ಕೇ ಕೂಗ್ತಾವ್ರೆ ಅಂದ್ಕಂಡು ಒಲೆ ಮುಂದೆ ಕೂತೇ ಇದ್ದೆ. ಮಕ್ಳಿಗೂ ಹೇಳಿಲ್ಲ ಕಣೇ.”

ಮೂಗು ಒರೆಸಿಕೊಂಡಳು.

“ನಿಮ್ಮ ದೇವ್ರಿಗೆ ಹೇಳು, ಅವ್ರಿಗೆ ತಿಳಿಸ್ಲಿ. ಹುಲಿಗೆ ಕೇಳಿಸ್ಲಿಲ್ಲ ಅಂತ. ಕೇಳಿಸಿದ್ರೆ ಓಡಿ ಬರ್ತಿದ್ಲು ಅಂತ.”

ದೇವರ ಮುಂದೆ ಶೌರಮ್ಮ ಎಂದೂ ಸುಳ್ಳು ಹೇಳಿದವಳಲ್ಲ. ಒಲೆ ಮುಂದೆ ಕೂತವಳಿಗೆ ಕೂಗು ಕೇಳಿಸಿದ್ದನ್ನೂ ಅವನು ಬಲ್ಲ, ಈಗ ತಾನು ಹೇಳಲಿರುವುದು ಏನೆಂಬುದನ್ನೂ ಬಲ್ಲ. ಆದರೂ ಅದೇ ಕಣದಲ್ಲಿ ಮೊಣಕಾಲೂರಿ, ಹದಿನೈದು ದಿನದಲ್ಲಿ ಮೊದಲ ಸಲ ಕೈ ಜೋಡಿಸಿದಳು.

“ತಂದೇ, ಹುಲಿಯಕ್ಕಂಗೆ ಕೇಳಿಸ್ಲಿಲ್ಲ...”

ಹುಲಿಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅವಳ ಪಕ್ಕಕ್ಕೆ ಸರಿದಳು. “ಇನ್ನೊಂದು ಸಲ ಹೇಳೇ. ಗಟ್ಟಿಯಾಗಿ ಹೇಳು.”

ಶೌರಮ್ಮ ಗಟ್ಟಿಯಾಗಿ ಹೇಳಿದಳು.