ಬಿಟ್ಟುಕೊಟ್ಟ ಕೆರೆ

ಹೇಮಾವತಿಯ ಅಣ್ಣ ಓಬಳೇಶಪ್ಪ ಲಗೇಜ್ ಆಟೊ ಕರೆತರಲು ಹೋದಮೇಲೆ ಜೋಗಿಮಟ್ಟಿ ರಸ್ತೆಯ ಆ ಬಾಡಿಗೆ ಮನೆಯಲ್ಲಿ ಉಳಿದದ್ದು ಗಂಡ ಹೆಂಡತಿ ಇಬ್ಬರೇ. ಗಂಡ ಹೆಂಡತಿ ಅನ್ನುವುದೂ ಈಗ ಬಾಯಿಮಾತಿಗಷ್ಟೇ. ಮೋಹನ್‌ಕುಮಾರನ ಮನಸ್ಸು ಹಿರಿಯೂರಿನ ಇನ್ನೊಬ್ಬಳ ಕಡೆ ವಾಲಿ ವರ್ಷವಾಗಿತ್ತು. ಅವನು ಸುಳ್ಳು ಹೇಳಲಿಲ್ಲ. ಕೇಳಿದ ದಿನವೇ ಒಪ್ಪಿಕೊಂಡ. ಹಿರಿಯರು ಕೂತು ಮಾತಾಡಿದರು, ಬೈದರು, ಕೊನೆಗೆ ಕೈಚೆಲ್ಲಿದರು. ಅಷ್ಟಾದರೂ ಹೇಮಾವತಿ ಯಾರೆದುರೂ ಅಳಲಿಲ್ಲ. ಇವತ್ತು ಅವಳು ಅಣ್ಣನ ಜೊತೆ ತವರಿಗೆ ಹೊರಟಿದ್ದಳು.

ಅಟ್ಟದಿಂದ ಪಾತ್ರೆ ಇಳಿಸುತ್ತಿದ್ದ ಮೋಹನ್‌ಕುಮಾರ್ ಒಂದು ರಟ್ಟಿನ ಡಬ್ಬಿ ತಂದು ಅವಳ ಮುಂದಿಟ್ಟ.

"ಇದನ್ನೂ ತಗಂಡೋಗು ಹೇಮ. ಬಣ್ಣ ಹಚ್ಚಿದ್ದು ನೀನೇ ಅಲ್ವಾ."

ತೊಂಬತ್ತಾರರಲ್ಲಿ, ಮದುವೆಯಾದ ಹೊಸದರಲ್ಲಿ, ಇಬ್ಬರೂ ಸೇರಿ ಮಾಡಿದ ಆಟ ಅದು. ಚಂದ್ರವಳ್ಳಿಗೆ ಸುತ್ತಾಡಲು ಹೋದಾಗ, ಅಲ್ಲಿ ಹಿಂದೆ ದೊಡ್ಡ ಊರಿತ್ತಂತೆ ಎಂದು ಕೇಳಿ, ಆ ಊರನ್ನು ತಾವೇ ಕಟ್ಟುವ ಹುಚ್ಚು ಹಿಡಿದಿತ್ತು. ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಅವನು ದಪ್ಪ ರಟ್ಟನ್ನು ಚೌಕ ಬಿಲ್ಲೆಗಳಾಗಿ ಕತ್ತರಿಸಿ ತಂದ. ಡ್ರಾಯಿಂಗ್ ಟೀಚರಾಗಿದ್ದ ಅವಳು ಅವುಗಳ ಮೇಲೆ ಕೆರೆ, ಏರಿ, ಬೀದಿ, ಗದ್ದೆ ಬರೆದಳು. ಚೀಲಕ್ಕೆ ಕೈಹಾಕಿ ಬಿಲ್ಲೆ ತೆಗೆಯಬೇಕು. ನೀರಿಗೆ ನೀರು, ಬೀದಿಗೆ ಬೀದಿ ಕೂಡುವಂತೆ ಇಡಬೇಕು. ಕೆರೆಯ ಏರಿಗೆ ಕೊನೆಯ ಬಿಲ್ಲೆ ಇಟ್ಟವರಿಗೇ ಇಡೀ ಕೆರೆ.

ಅವಳು ಬೆವರು ಸುರಿಸಿ ಕಟ್ಟಿದ ಕೆರೆಯನ್ನು ಕೊನೆಯ ಗಳಿಗೆಯಲ್ಲಿ ನುಂಗಿಹಾಕುವುದೆಂದರೆ ಅವನಿಗೆ ಹಬ್ಬ. ಜ್ವರದಲ್ಲಿ ಮಲಗಿದ್ದವಳ ಕೆರೆಯನ್ನೂ ಬಿಟ್ಟವನಲ್ಲ. ಅವಳು ಮುನಿಸಿಕೊಂಡು ಒಲೆ ಹಚ್ಚುತ್ತಿರಲಿಲ್ಲ. ಪಕ್ಕದ ಮನೆಯ ನಿಂಗಕ್ಕ ಗೋಡೆಯಾಚೆಯಿಂದ, "ಏನಮ್ಮ, ಜಗಳನಾ?" ಎಂದರೆ, "ನನ್ ಕೆರೆ ಕದ್ದವ್ರೆ ನಿಂಗಕ್ಕ" ಎನ್ನುವಷ್ಟರಲ್ಲಿ ಇವಳಿಗೇ ನಗು ಬಂದುಬಿಡುತ್ತಿತ್ತು.

"ಅಣ್ಣ ಬರೋತನಕ ಒಂದಾಟ ಆಡಾಣ" ಎಂದಳು ಹೇಮಾವತಿ.

ಅವನು ಗಡಿಯಾರ ನೋಡಿದ. ಆಮೇಲೆ ಕುಳಿತ.

ಖಾಲಿ ಹಜಾರದ ನೆಲದ ಮೇಲೆ ಊರು ಬೆಳೆಯಿತು. ಅವಳ ಕೆರೆ ದೊಡ್ಡದಾಗುತ್ತಾ ಹೋಯಿತು. ಏರಿಯಲ್ಲಿ ಒಂದೇ ಒಂದು ಕಂಡಿ ಉಳಿದಾಗ ಮೋಹನ್‌ಕುಮಾರ್ ಚೀಲಕ್ಕೆ ಕೈಹಾಕಿದ. ಬಂದದ್ದು ಆ ಕಂಡಿಗೆ ಸರಿಹೊಂದುವ ಬಿಲ್ಲೆಯೇ. ಬರೆದವಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಸಿಟ್ಟಾಗಲು ಸಿದ್ಧಳಾಗಿ ಕಾದಳು.

ಅವನು ಬಿಲ್ಲೆಯನ್ನು ಕ್ಷಣಹೊತ್ತು ನೋಡಿದ. ಆಮೇಲೆ ಅದನ್ನು ದೂರದ ಗದ್ದೆಯೊಂದರ ಅಂಚಿಗೆ ಇಟ್ಟುಬಿಟ್ಟ.

"ಅಲ್ಲಿ ಯಾಕಿಟ್ರಿ?"

"ಇರ್ಲಿ ಬಿಡು."

"ಕೆರೆಗೆ ಕೂಡ್ತಿತ್ತು. ತಗದು ಇಲ್ಲಿಡ್ರಿ."

"ಪಾಪ, ಇವತ್ತೊಂದಿನ ನೀನೇ ಗೆಲ್ಲು ಹೇಮ" ಎಂದ ಅವನು, ಬಹಳ ಮೆತ್ತಗೆ.

ಮನೆಗೆ ಬಂದ ನೆಂಟರ ಮಕ್ಕಳ ಜೊತೆ ಆಡುವಾಗ ಅವನು ಹೀಗೇ ಸೋಲುತ್ತಿದ್ದ. ಇದೇ ಮೆತ್ತನೆಯ ದನಿಯಲ್ಲಿ ಮಾತಾಡುತ್ತಿದ್ದ. ಹಿರಿಯೂರಿನವಳ ಹೆಸರು ಅವನ ಬಾಯಿಂದ ಕೇಳಿದಾಗಲೂ ಅವಳಿಗೆ ಇಷ್ಟು ಉರಿದಿರಲಿಲ್ಲ. ತನ್ನೊಡನೆ ಹಟ ಹಿಡಿಯುವಷ್ಟು ಸಲುಗೆಯೂ ಅವನಲ್ಲಿ ಉಳಿದಿಲ್ಲ ಎಂದು ಅವಳಿಗೆ ತಿಳಿಯಿತು.

ಹೊರಗೆ ಆಟೊ ಬಂದು ನಿಂತ ಸದ್ದಾಯಿತು. ಅವಳು ಎದ್ದು ಸೀರೆ ಕೊಡವಿಕೊಂಡಳು. ಬಿಲ್ಲೆಗಳನ್ನು ಹಾಗೇ ಬಿಟ್ಟು ಹೊರಟಳು.

ಹೊಳಲ್ಕೆರೆ ದಾಟಿ ರಾಮಗಿರಿಯ ಗುಡ್ಡ ಕಾಣುವ ಹೊತ್ತಿಗೆ ಪಾತ್ರೆಗಳ ನಡುವೆ ಕುಳಿತಿದ್ದ ಹೇಮಾವತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಓಬಳೇಶಪ್ಪ ಡ್ರೈವರಿಗೆ ಹೇಳಿ ಆಟೊ ನಿಲ್ಲಿಸಿದ.

"ಅಳು ತಂಗಿ. ಎಷ್ಟಂತ ತಡ್ಕಂತೀಯ."

"ಕೆರೆ ಬಿಟ್ಕೊಟ್ಬಿಟ್ರು ಅಣ್ಣ."

"ಯಾವ್ ಕೆರೆ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಓಬಳೇಶಪ್ಪನಿಗೆ ಏನೊಂದೂ ಅರ್ಥವಾಗಲಿಲ್ಲ. ಮತ್ತೆ ಕೇಳದೆ, ಇಂಜಿನ್ ಆರಿಸುವಂತೆ ಡ್ರೈವರಿಗೆ ಸನ್ನೆ ಮಾಡಿ, ಅವಳು ಅತ್ತು ಮುಗಿಸುವವರೆಗೂ ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ.