ಅಪ್ಪನ ಕಾಲಿಗೆ ಗೊತ್ತಿದ್ದ ದಾರಿ

ಗಡಿಯಾರ ರಿಪೇರಿಯವನ ಅಪ್ಪನಿಗೆ ಕಣ್ಣು ಮಂಜಾಗಿ ಹತ್ತು ವರ್ಷ. ಆದರೂ ದಿನಾ ಬೆಳಿಗ್ಗೆ ಹೊಲದ ನಡುವಿನ ಕಾಲುದಾರಿ ಹಿಡಿದು ಒಬ್ಬನೇ ಕೆರೆಗೆ ಹೋಗಿಬರುತ್ತಿದ್ದ. ಎಲ್ಲಿ ತಿರುವು, ಎಲ್ಲಿ ಇಳಿಜಾರು ಎಂಬುದು ಅವನ ಕಾಲಿಗೆ ಬಾಯಿಪಾಠ.

ಹೋದ ವರ್ಷ ಹೊಲ ಕೊಂಡ ಹೊಸ ಯಜಮಾನ ದಾರಿಗೆ ಅಡ್ಡಲಾಗಿ ಗೇಟು ಹಾಕಿ ಬೀಗ ಜಡಿದ. ಊರಿನವರೋ ಮಹಾ ಮರ್ಯಾದಸ್ಥರು! ಗೇಟು ಕಂಡವರೆಲ್ಲ ತುಟಿಪಿಟಕ್ಕೆನ್ನದೆ ಹಿಂದಿರುಗಿದರು. ಅಂದಿನಿಂದ ಮುದುಕ ಮಗನ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತ. ಗೋಡೆಯ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದರೆ ಅವನ ಪಾದಗಳು ನೆಲದ ಮೇಲೆ ಮೆಲ್ಲಗೆ ಆಡುತ್ತಿದ್ದವು. ಕೂತಲ್ಲೇ ಕೆರೆಯ ತನಕ ಹೋಗಿಬರುತ್ತಿದ್ದ.

ಒಂದು ದಿನ ಆ ಪಾದಗಳು ನಿಂತವು. "ತಿರುವು ಆದ್ಮೇಲೆ ಏನಿತ್ತು ಮಗಾ? ಮರೆತೇಹೋಯ್ತಲ್ಲೋ," ಎಂದ. ಮಗ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ.

ಆಗಲೇ ಪಕ್ಕದ ಮನೆಯ ಅಕ್ಕ ವಾಚಿಗೆ ಸೆಲ್ ಹಾಕಿಸಲು ಬಂದಳು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವಳದು.

"ಆ ಗೇಟಿನ ಬಗ್ಗೆ ಕೇಳಬಾರದೇನೋ?" ಎಂದಳು.

"ಅಯ್ಯೋ ಅಕ್ಕ, ಜಮೀನು ಅವರದು. ನಮ್ಮ ಮಾತು ಯಾರು ಕೇಳ್ತಾರೆ?"

"ಜಮೀನು ಅವರದೇ ಕಣೋ. ಆದರೆ ಆ ದಾರಿ ನಕ್ಷೆಯಲ್ಲಿದೆ. ಚುಕ್ಕಿ ಚುಕ್ಕಿ ಗೆರೆ. ಊರಿನ ಹಳೇ ದಾರಿ ಅದು, ನಡೆಯೋ ಹಕ್ಕು ಎಲ್ಲರಿಗೂ ಇದೆ."

"ಜಗಳ ಆದ್ರೆ?"

"ಜಗಳ ಯಾಕೆ? ಬೀಗ ಒಡೀಬೇಡ. ನಕ್ಷೆಯ ನಕಲು ತಗೋ, ತಹಶೀಲ್ದಾರರಿಗೆ ಅರ್ಜಿ ಬರಿ, ನಾಲ್ಕು ಜನರ ಸಹಿ ಹಾಕಿಸು. ಸುಮ್ಮನಿದ್ದರೆ ಅಲ್ಲೊಂದು ದಾರಿ ಇತ್ತು ಅನ್ನೋದೇ ಮರೆತುಹೋಗುತ್ತೆ. ನಿಮ್ಮಪ್ಪನೇ ಮರೀತಿದ್ದಾರೆ ನೋಡು."

ಅಂದೇ ಅವನು ಅರ್ಜಿ ಬರೆದ. ತಿಂಗಳೊಳಗೆ ಅಧಿಕಾರಿ ನಕ್ಷೆ ಹಿಡಿದು ಬಂದರು, ಯಜಮಾನನೂ ಬಂದ. "ಇಲ್ಲಿ ಯಾರೂ ಓಡಾಡಲ್ಲ ಅಂದ್ಕೊಂಡೆ. ಒಬ್ಬರಾದ್ರೂ ಕೇಳಬಾರದಿತ್ತಾ?" ಎಂದ. ನೆರೆದ ಊರವರೆದುರೇ ಜೇಬಿನಿಂದ ಕೀಲಿ ತೆಗೆದ. ಬೀಗವೇನೋ ತೆರೆಯಿತು. ಒಳಗೆ ನೋಡಿದರೆ ಮೊಣಕಾಲೆತ್ತರದ ಹುಲ್ಲು. ದಾರಿ ಎಲ್ಲಿದೆಯೋ ಯಾರಿಗೂ ತಿಳಿಯದು.

ಮಗನ ಕೈಹಿಡಿದು ಬಂದಿದ್ದ ಮುದುಕ ಚಪ್ಪಲಿ ಕಳಚಿದ. ಬೆಳಗಿನ ಮಂಜಿನೊಳಗೆ ನಿಧಾನವಾಗಿ ಹೆಜ್ಜೆ ಇಟ್ಟ, ನಿದ್ದೆಯಲ್ಲಿ ನಡೆಯುವವನ ಹಾಗೆ. ಹುಲ್ಲು ಪಿಸುಗುಟ್ಟುತ್ತಾ ಎರಡೂ ಕಡೆ ಬಾಗಿತು. ಹಿಂದೆ ಊರಿಗೆ ಊರೇ ಸದ್ದಿಲ್ಲದೆ ಬಂತು. ತಿರುವಿನಲ್ಲಿ ನಿಂತು ಅವನು ಪಾದದಿಂದ ಹುಲ್ಲು ಸರಿಸಿದ. ಕೆಳಗೆ ಸವೆದ ಚಪ್ಪಡಿಕಲ್ಲೊಂದು ತಣ್ಣಗೆ ಮಲಗಿತ್ತು.

"ಇದೇ ಮಗಾ! ತಿರುವು ಆದ್ಮೇಲೆ ಕಲ್ಲು, ಕಲ್ಲಿನ ಆಚೆ ಕೆರೆ!"

ಅಧಿಕಾರಿ ನಕ್ಷೆ ನೋಡಿ ತಲೆಯಾಡಿಸಿದರು. ಚುಕ್ಕಿ ಗೆರೆ ಸರಿಯಾಗಿ ಅಲ್ಲೇ ಹಾದುಹೋಗಿತ್ತು. ಮಗನಿಗೆ ಅಳು ತಡೆಯಲಾಗಲಿಲ್ಲ. ಈಗ ಆ ಗೇಟಿಗೆ ಬೀಗವಿಲ್ಲ, ಬರೀ ಚಿಲಕ.

ನಿಮ್ಮೂರಿನಲ್ಲೂ ಇಂಥದೊಂದು ದಾರಿ ಇದ್ದೀತು. ಸರ್ವೆ ಕಚೇರಿಗೆ ಹೋಗಿ ನಕ್ಷೆ ನೋಡಿ, ಮುಚ್ಚಿದ್ದರೆ ನಾಚದೆ ಕೇಳಿ. ನಡೆಯುವಾಗ ಬೆಳೆ ತುಳಿಯಬೇಡಿ, ಕಸ ಬಿಸಾಡಬೇಡಿ, ತೆರೆದ ಗೇಟನ್ನು ಮತ್ತೆ ಮುಚ್ಚಿ. ನಡೆಯುವುದನ್ನು ಮಾತ್ರ ಬಿಡಬೇಡಿ. ನಾಳೆ ಬೆಳಿಗ್ಗೆಯೇ ಮನೆಯ ಹಿರಿಯರ ಕೈಹಿಡಿದು ಹೊರಡಿ, ಅವರ ಕಾಲಿಗೆ ಆ ದಾರಿ ಇನ್ನೂ ನೆನಪಿರುವಾಗಲೇ.